ಹಾಲಿನವನು ಬರುವವರೆಗೆ ಬಿಸಿನೀರು

ಅತ್ತಿಗೆ ಬಚ್ಚಲಿನ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿದರು, ಬಕೆಟ್ಟಿನೊಳಗೆ ಕೈ ಅದ್ದಿದರು, ಚೇಳು ಕಡಿದವರಂತೆ ಹಿಂದಕ್ಕೆಳೆದುಕೊಂಡರು.

“ಅಯ್ಯಯ್ಯೋ, ಕೊರೀತಿದೆ! ಇದನ್ನ ಬಿಸಿನೀರು ಅಂತಾರಾ ನಿಮ್ಮನೇಲಿ?”

“ಬೆಳಿಗ್ಗೆಯಿಂದ ಹಾಗೇ ಬರ್ತಿದೆ ಅತ್ತಿಗೆ,” ಎಂದಳು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಸತ್ತವನ ಹೆಂಡತಿ. “ಬಾಯ್ಲರ್ ಕೆಟ್ಟಿರಬೇಕು.”

“ಇವತ್ತೇ ಕೆಡಬೇಕಿತ್ತಾ ಇದಕ್ಕೆ?”

“ಕೆಡೋದು ಒಳ್ಳೆ ದಿನ ನೋಡ್ಕೊಂಡು ಕೆಡುತ್ತಾ?”

ಅವಳ ಗಂಡ ಮುಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗಿನ ಮಂಚದ ಮೇಲೆ, ಬಿಳಿ ಹೊದಿಕೆ ಹೊದ್ದು ಮಲಗಿದ್ದ. ನಿನ್ನೆ ಸಂಜೆ ಹಿತ್ತಲಿನ ನಲ್ಲಿಯ ಬಳಿ ಕುಸಿದವನನ್ನು ಆಸ್ಪತ್ರೆಗೆ ಒಯ್ದದ್ದೂ ಆಯಿತು, ಅಲ್ಲಿಯವರು ಎದೆ ಒತ್ತಿ ನೋಡಿ ತಲೆಯಾಡಿಸಿದ್ದೂ ಆಯಿತು, ಬೆಳಗಾಗುವುದರೊಳಗೆ ಮನೆಗೆ ವಾಪಸು ತಂದದ್ದೂ ಆಯಿತು. ದೂರದೂರಿನಿಂದ ಮಗಳು ಮಧ್ಯಾಹ್ನದ ಬಸ್ಸಿಗೆ ಬರಬೇಕು. ಅವಳು ಬರುವ ಹೊತ್ತಿಗೆ ಮೈ ತೊಳೆದು, ಒಳ್ಳೆಯ ಅಂಗಿ ತೊಡಿಸಿ, ಕಣ್ಣಿಟ್ಟು ನೋಡುವ ಹಾಗೆ ಮಾಡಿಡಬೇಕೆಂದು ಅತ್ತಿಗೆಯ ಹಟ. ಅತ್ತಿಗೆಯೆಂದರೆ ಅವನ ಒಡಹುಟ್ಟಿದ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದವರು. ಅಳುವುದಕ್ಕೆ ಪುರಸೊತ್ತಿಲ್ಲದ ಹಾಗೆ ಕೆಲಸ ಹಚ್ಚಿಕೊಳ್ಳುವುದು ಅವರ ಸ್ವಭಾವ.

“ಒಲೆ ಮೇಲಾದ್ರೂ ಒಂದಿಷ್ಟು ಕಾಯಿಸೋಣ,” ಎಂದರು ಅವರು.

“ಒಲೆ ಮೇಲೆ ಬಂದವರಿಗೆ ಚಹಾ ಕುದೀತಿದೆ. ಇರೋದೆಲ್ಲ ಅಂಗೈಯಗಲದ ಪಾತ್ರೆಗಳು. ಒಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆ ಇತ್ತು, ಅದನ್ನ ನಿಮ್ಮ ತಮ್ಮ ಗುಜರಿಗೆ ಹಾಕಿ ಬಂದ್ರು. ತಣ್ಣೀರೇ ಸಾಕು ಬಿಡಿ. ಅವರಿಗೇನು ಚಳಿಯಾಗುತ್ತಾ?”

ಅತ್ತಿಗೆ ಅವಳ ಮುಖ ನೋಡಿದರು. “ಎಂಥ ಮಾತೇ ಇದು? ನಿನ್ನ ಗಂಡ. ನೀನೇ ತೊಳೀಬೇಕಾದವಳು.”

“ನಾನು ಮುಟ್ಟಲ್ಲ.”

“ಏನಂದೆ?”

“ಮುಟ್ಟಲ್ಲ ಅಂದೆ. ನೀವು ಸಾಕಿದವರು, ನೀವೇ ತೊಳೀರಿ. ಆ ಹೊಗೆ ವಾಸನೆ ನನಗೆ ಸಾಕಾಗಿದೆ. ಬಿಟ್ಟೆ ಅಂತ ಮಾತು ಕೊಟ್ಟವರು ಮತ್ತೆ ಸಿಗರೇಟು ಹಿಡಿದು, ಸೇದಿ ಸೇದಿ ಸತ್ರಲ್ಲ, ನಾನು ಬೇಡ ಅಂದಿದ್ದು ಎಷ್ಟು ಸಲ? ನನ್ನ ಮಾತಿಗೆ ಅಷ್ಟೂ ಬೆಲೆ ಇಲ್ಲ ಅಂದ ಮೇಲೆ ನನ್ನ ಕೈಯ ನೀರು ಯಾಕೆ?”

ಹೇಳಿದ ಮೇಲೆ ಅವಳಿಗೇ ತನ್ನ ದನಿ ಕೇಳಿ ನಾಚಿಕೆಯಾಯಿತು. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬೆಳಗಿನಿಂದ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಎದೆಯೊಳಗೆ ದುಃಖವಿರಬೇಕಾದ ಜಾಗದಲ್ಲಿ ಸಿಟ್ಟು ಕಾಲು ಚಾಚಿಕೊಂಡು ಕೂತಿತ್ತು. ಬಂದವರೆಲ್ಲ ಅವಳ ಒಣಗಿದ ಕಣ್ಣು ನೋಡಿ, “ಪಾಪ, ದಿಗಿಲು ಬಡಿದುಬಿಟ್ಟಿದೆ” ಎನ್ನುತ್ತಿದ್ದರು.

ಅತ್ತಿಗೆ ಜಗಳವಾಡಲಿಲ್ಲ. ಬಕೆಟ್ಟಿನ ನೀರನ್ನು ಚೆಲ್ಲಿ, ಅಂಗಳದಲ್ಲಿ ಕುರ್ಚಿ ಜೋಡಿಸುತ್ತಿದ್ದ ಅವಳ ಮಗನನ್ನು ಕೂಗಿದರು.

“ಲೋ, ಆ ಬಾಯ್ಲರಿನವನಿಗೆ ಫೋನ್ ಮಾಡೋ. ನನ್ನ ತಮ್ಮನಿಗೆ ನಾನು ತಣ್ಣೀರು ಹಾಕೋದಿಲ್ಲ. ಚಿಕ್ಕಂದಿನಲ್ಲಿ ತಣ್ಣೀರು ಕಂಡ್ರೆ ಊರೆಲ್ಲ ಓಡ್ತಿದ್ದ ಅವನು.”

“‘ಆಗಲ್ಲ’ನಿಗಾ ಅತ್ತೆ?” ಎಂದ ಮಗ.

“ಆಗುತ್ತೋ ಆಗಲ್ವೋ, ಕರಿ.”

*

ಬಾಯ್ಲರ್ ಮೊದಲ ಸಲ ಕೆಟ್ಟದ್ದು ಹೋದ ವರ್ಷದ ಚಳಿಗಾಲದ ಆರಂಭಕ್ಕೆ. ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿ ಇಷ್ಟು ವರ್ಷ ಗೊರಕೆ ಹೊಡೆದುಕೊಂಡಿದ್ದದ್ದು ಒಂದು ಬೆಳಿಗ್ಗೆ ಕೆಮ್ಮಿತು, ಮತ್ತೊಂದು ಬೆಳಿಗ್ಗೆ ಸುಮ್ಮನಾಯಿತು. ಮೆಕ್ಯಾನಿಕ್ ಬಂದು ನೋಡಿ ಕೆಳಗಿಳಿದ. ಯಾವ ಯಂತ್ರ ತೋರಿಸಿದರೂ ಮೊದಲು “ಆಗಲ್ಲ” ಎಂದೇ ಬಾಯಿ ತೆರೆಯುವವನಾದ್ದರಿಂದ ಬೀದಿಯಲ್ಲಿ ಅವನಿಗೆ ಅದೇ ಹೆಸರು ನಿಂತಿತ್ತು. ಆ ದಿನವೂ ಗಂಡನ ಜೊತೆ ಅಂಗಳದಲ್ಲಿ ಏನೋ ಗುಸುಗುಸು ಮಾತಾಡಿ ಹೋದ.

“ತುಂಬಾ ಕೇಳ್ತಾನೆ,” ಎಂದ ಗಂಡ ಒಳಗೆ ಬಂದು. “ಈ ಚಳಿಗಾಲ ಒಂದು ಹೇಗೋ ಕಳೆಯೋಣ.”

“ನೀವು ಕಳೀತೀರಿ. ನನ್ನ ಮಂಡಿ ಕಳೆಯಲ್ಲ.”

ಅದು ನಿಜ. ಹರೆಯದಿಂದ ಹೊಲಿಗೆ ಯಂತ್ರದ ಮೆಟ್ಟು ತುಳಿದು ತುಳಿದು ಅವಳ ಮಂಡಿಗಳು ಸವೆದಿದ್ದವು. ಬೆಳಿಗ್ಗೆ ಒಂದಷ್ಟು ಬಿಸಿನೀರು ಬಿದ್ದರೆ ಮಾತ್ರ ಅವು ಅವಳ ಮಾತು ಕೇಳುತ್ತಿದ್ದವು. ಇಲ್ಲದಿದ್ದರೆ ಮಧ್ಯಾಹ್ನದವರೆಗೆ ಗೋಡೆ ಹಿಡಿದೇ ನಡೆಯಬೇಕು. ಮಾಳಿಗೆಯ ಮೆಟ್ಟಿಲನ್ನಂತೂ ಅವಳು ಹತ್ತಿ ವರ್ಷಗಳೇ ಆಗಿದ್ದವು.

ಅವಳು ಗುಂಡಿಗಳ ಡಬ್ಬಿಯನ್ನು ತಂದು ಅವನ ಮುಂದಿಟ್ಟಳು. ಅಡಿಯಲ್ಲಿ ದಿಂಬಿನ ಚೀಲ, ಶಾಲೆಯ ಅಂಗಿ, ಊರವರ ಹರಿದ ಪ್ಯಾಂಟುಗಳನ್ನು ಹೊಲಿದ ದುಡ್ಡಿತ್ತು. ನೋಟುಗಳನ್ನು ಕಂತೆ ಕಂತೆಯಾಗಿ ಜೋಡಿಸಿ ಹೊಲಿಗೆಯ ಗುಂಡುಪಿನ್ನು ಚುಚ್ಚಿಡುವುದು ಅವಳ ಅಭ್ಯಾಸ. ಬಿಡಿ ನೋಟಿಗೆ ಕಾಲು ಬರುತ್ತದೆ ಎನ್ನುತ್ತಿದ್ದಳು.

“ಇದು ನೀನು ಮಂಡಿ ಸವೆಸಿದ ದುಡ್ಡು,” ಎಂದ ಅವನು, ಮುಟ್ಟದೆ.

“ಮಂಡಿಗೇ ತಾನೆ ಖರ್ಚಾಗೋದು? ತಗೊಳ್ಳಿ. ಹೊಸದೇ ಹಾಕಿಸಿ.”

ಅವನು ತೆಗೆದುಕೊಂಡ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ನಲ್ಲಿಯಲ್ಲಿ ಬಿಸಿನೀರು ಬಂತು. ಅವಳು ಬಚ್ಚಲಿನೊಳಗಿನಿಂದಲೇ “ಬಂತೂರೀ!” ಎಂದು ಕೂಗಿದಳು. ಹೊರಗೆ ಬಂದು ನೋಡಿದರೆ ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಬೆವರೊರೆಸಿಕೊಳ್ಳುತ್ತ ಕೂತಿದ್ದ.

“ಹೊಸದು ಹಾಕಿಸಲಿಲ್ಲ, ಇದನ್ನೇ ರಿಪೇರಿ ಮಾಡಿಸಿದೆ,” ಎಂದ. “ಆದ್ರೆ ಒಂದು ಮಾತು. ಹಾಲಿನವನು ಬರುವವರೆಗೆ ಮಾತ್ರ ಬಿಸಿನೀರು. ಅದರ ಮೇಲೆ ಕೇಳಬೇಡ. ಮತ್ತೆ ಆ ಕೋಣೆಗೆ ಬೀಗ ಹಾಕಿದೀನಿ, ಯಾರೂ ಕೈ ಹಾಕೋ ಹಾಗಿಲ್ಲ. ಸಿಡಿದ್ರೆ ಕಷ್ಟ.”

“ಅಷ್ಟು ದುಡ್ಡು ಸುರಿದು ಹಾಲಿನವನು ಬರೋವರೆಗಾ? ನೀವು ಬಾಯ್ಲರ್ ರಿಪೇರಿ ಮಾಡಿಸಿದ್ರೋ, ಮನೆಗೆ ಹೊಸ ಅಳಿಯನ್ನ ತಂದ್ರೋ? ಹೊತ್ತು ನೋಡಿ ಮಾತಾಡಿಸಬೇಕು, ಮೈ ಮುಟ್ಟೋ ಹಾಗಿಲ್ಲ!”

“ವಯಸ್ಸಾಗಿದೆ ಕಣೇ ಅದಕ್ಕೆ. ನನ್ನ ಹಾಗೇ. ಬೆಳಿಗ್ಗೆ ಮಾತ್ರ ಕೈಲಾಗುತ್ತೆ.”

ಅಂದಿನಿಂದ ದಿನವೂ ಅವಳು ಬಚ್ಚಲಿನಿಂದ ಬಂದ ಕೂಡಲೇ ಅವನು ಒಂದೇ ಮಾತು ಕೇಳುತ್ತಿದ್ದ: “ಬಿಸಿ ಸಾಕಾಯ್ತಾ?” ಅವಳು ಅಂಗಡಿಯವನ ತಕ್ಕಡಿ ನೋಡುವ ಗಿರಾಕಿಯ ಹಾಗೆ, “ನಿನ್ನೆಗಿಂತ ಕಮ್ಮಿ” ಎನ್ನುತ್ತಿದ್ದಳು. ಮಾರನೆಯ ದಿನ ನೀರು ಹೊಗೆಯಾಡುವಷ್ಟು ಬಿಸಿಯಿರುತ್ತಿತ್ತು. ಮಗ ಬ್ರೆಡ್ಡಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ, ಅಲ್ಲೇ ಮೈ ತೊಳೆದು, ಹಾಲಿನವನು ಹೋದ ಮೇಲೆ ಮನೆಗೆ ಬರುತ್ತಿದ್ದವನು. ಅವನಿಗೆ ಬಾಯ್ಲರಿನ ಚಿಂತೆಯೇ ಇರಲಿಲ್ಲ.

*

ಬಿಸಿಲೇರುವ ಹೊತ್ತಿಗೆ ಪೆಟ್ಟಿಗೆ ಕಾರ್ಖಾನೆಯವರು ಬಂದರು. ಗಂಡ ಅಲ್ಲಿ ಹಣ್ಣು ತುಂಬುವ ಮರದ ಪೆಟ್ಟಿಗೆಗಳಿಗೆ ಮುಚ್ಚಳ ಮಾಡುವವನು. ಎಲ್ಲರೂ ಅವನನ್ನು ‘ಮುಚ್ಚಳದ ಮೇಸ್ತ್ರಿ’ ಎನ್ನುತ್ತಿದ್ದರು. ಬಂದವರು ಮಂಚದ ಸುತ್ತ ಸ್ವಲ್ಪ ಹೊತ್ತು ನಿಂತು, ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿ, ಅಂಗಳಕ್ಕೆ ಹೋಗಿ ಕೂತರು. ಅವರಲ್ಲೊಬ್ಬ, ಇಪ್ಪತ್ತು ವರ್ಷ ಗಂಡನ ಪಕ್ಕದಲ್ಲೇ ಸುತ್ತಿಗೆ ಹಿಡಿದವನು, ಎಲ್ಲರೂ ‘ಕುಳ್ಳ’ ಎಂದು ಕರೆಯುವವನು, ಚಹಾ ಲೋಟ ಹಿಡಿದುಕೊಂಡು ಒಳಗೆ ಬಂದು ಅವಳ ಸ್ಟೂಲಿನ ಪಕ್ಕ ನೆಲದ ಮೇಲೇ ಕೂತ.

“ಧೈರ್ಯ ತಂದ್ಕೊಳ್ಳಿ ಅಕ್ಕಾ.”

“ಧೈರ್ಯಕ್ಕೇನು ಬಂತಪ್ಪ. ನಾನು ಹೇಳ್ತಾನೇ ಇದ್ದೆ. ಸಿಗರೇಟು ಬಿಡಲಿಲ್ಲ, ಹೋದ್ರು.”

ಕುಳ್ಳ ಲೋಟವನ್ನು ಬಾಯಿಂದ ಇಳಿಸಿದ. “ಯಾರು, ನಮ್ಮ ಮೇಸ್ತ್ರಿಯಾ?”

“ಮತ್ಯಾರು?”

“ಇಲ್ಲಕ್ಕಾ. ಬಿಟ್ಟ ಮೇಲೆ ಮುಟ್ಟಿದ್ದನ್ನ ನಾನು ನೋಡೇ ಇಲ್ಲ. ನಾನು ಒಂದು ಹಚ್ಚಿದ್ರೆ ಎದ್ದು ಆ ಮೂಲೆಗೆ ಹೋಗಿ ಕೂರ್ತಿದ್ರು. ‘ಬೇಡ ಮಾರಾಯ, ಮನೇಲಿ ನಾಯಿಗಿಂತ ಚುರುಕಾದ ಮೂಗಿದೆ’ ಅನ್ನೋರು.”

“ಮನೇಲಿ ಸೇದ್ತಿದ್ರು. ಅವರೇ ಒಪ್ಪಿಕೊಂಡಿದ್ರು.”

“ಹಂಗಾ…” ಎಂದು ಅವನು ರಾಗ ಎಳೆದ. ಸತ್ತವನ ಮನೆಯಲ್ಲಿ ವಾದ ಬೇಡವೆಂದು ಮಾತು ತಿರುಗಿಸಿದ. ತಿರುಗಿಸಿದ್ದೇ ತಪ್ಪಾಯಿತು, ಅಥವಾ ಸರಿಯಾಯಿತು. “ಏನೋ ಅಕ್ಕಾ, ಅವತ್ತು ಡಾಕ್ಟರು ಎದೆ ನೋಡಿ ಭಾರ ಎತ್ತಬೇಡಿ ಅಂದ ಮೇಲೆ ನಮಗೆಲ್ಲ ಒಂದು ಭಯ ಇದ್ದೇ ಇತ್ತು. ಮಾಲೀಕರೇನೋ ಪಾಪ, ಕೆಲಸದಿಂದ ತೆಗೀಲಿಲ್ಲ. ಅರ್ಧ ದಿನ ಕೂತು ಮುಚ್ಚಳ ಹೊಡೀರಿ, ಅರ್ಧ ಸಂಬಳ ತಗೊಳ್ಳಿ ಅಂದ್ರು. ಅಷ್ಟಾದ್ರೂ ಸಿಕ್ತಲ್ಲ ಅಂತ…”

ಅವಳು ಅವನನ್ನೇ ನೋಡುತ್ತಿದ್ದಳು.

“ಯಾವತ್ತು?” ಎಂದಳು.

“ಹೋದ ಚಳಿಗಾಲ… ಶುರುವಿನಲ್ಲಿ.” ಕುಳ್ಳನ ದನಿ ಇಳಿಯಿತು. “ನಿಮಗೆ ಗೊತ್ತಿಲ್ವಾ?”

“ಅವರು ದಿನಾ ಸಂಜೆಗೇ ಮನೆಗೆ ಬರ್ತಿದ್ರು.”

“ಮಧ್ಯಾಹ್ನದ ಮೇಲೆ ಹಿಂದುಗಡೆ ಅಂಗಳದಲ್ಲಿ ಕೂತಿರೋರು ಅಕ್ಕಾ. ಒಡೆದ ಪೆಟ್ಟಿಗೆ ಬಿಚ್ಚಿ ಮೊಳೆ ಕಿತ್ತು, ಚೂರು ಮರ ಚೀಲಕ್ಕೆ ತುಂಬ್ಕೊಂಡು ಹೋಗ್ತಿದ್ರು. ಮನೆಗೆ ಏನೋ ಕಪಾಟು ಮಾಡ್ತೀನಿ ಅಂತಿದ್ರು.”

ಕಪಾಟು! ಈ ಮನೆಯಲ್ಲಿ ಹೊಸ ಕಪಾಟು ಎಲ್ಲಿಂದ ಬರಬೇಕು? ಇನ್ನೇನಾದರೂ ಕೇಳಿದರೆ ಇನ್ನೇನು ಹೊರಬೀಳುವುದೋ ಎಂದು ಅವಳು ಎದ್ದಳು. ಗೋಡೆ ಹಿಡಿದುಕೊಂಡು ಒಳಕೋಣೆಗೆ ಹೋಗಿ, ಬಟ್ಟೆಗಳ ಸಂದಿಯಿಂದ ಈ ತಿಂಗಳ ಸಂಬಳದ ಲಕೋಟೆಯನ್ನು ತೆಗೆದಳು.

ಅವನು ತಿಂಗಳು ತಿಂಗಳು ತಂದುಕೊಟ್ಟದ್ದು ಪೂರ್ತಿ ಸಂಬಳ. ಒಂದು ನೋಟೂ ಕಡಿಮೆಯಿರಲಿಲ್ಲ. ಆದರೆ ಅದರಲ್ಲಿ ಕೆಲವು ನೋಟುಗಳ ಮೂಲೆಯಲ್ಲಿ ಸಣ್ಣ ತೂತು ಇರುತ್ತಿತ್ತು. ಒಮ್ಮೆ ಅವಳು ನಕ್ಕಿದ್ದಳು ಕೂಡ: “ನಿಮ್ಮ ಮಾಲೀಕರೂ ನನ್ನ ಹಾಗೇ ಪಿನ್ನು ಚುಚ್ತಾರೇನ್ರೀ?” ಅವನು ಊಟದ ತಟ್ಟೆಯಿಂದ ತಲೆಯೆತ್ತದೆ “ಹೂಂ” ಎಂದಿದ್ದ.

ಅವಳು ಒಂದು ನೋಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಗುಂಡುಪಿನ್ನಿನ ತೂತಿನಲ್ಲಿ ಬೆಳಕು ಚುಕ್ಕಿಯಾಗಿ ಕಂಡಿತು. ಇನ್ನೊಂದರಲ್ಲೂ ಅದೇ. ತನ್ನ ಡಬ್ಬಿಯ ದುಡ್ಡು ಸಂಬಳವಾಗಿ ತನ್ನ ಕೈಗೇ ವಾಪಸು ಬರುತ್ತಿತ್ತು. ಅವಳು ಅದರಲ್ಲೇ ಅಕ್ಕಿ ತಂದಿದ್ದಳು, ಬಾಡಿಗೆ ಕಟ್ಟಿದ್ದಳು, “ಈ ಸಲವಾದ್ರೂ ಸಂಬಳ ಜಾಸ್ತಿ ಮಾಡ್ತಾರಾ ಕೇಳಿ” ಎಂದು ಅವನನ್ನೇ ಗದರಿಸಿದ್ದಳು.

ಹಾಗಾದರೆ ಬಾಯ್ಲರಿಗೆ ಕೊಟ್ಟದ್ದು ಏನು? ಅದು ಅವಳಿಗೆ ಬಗೆಹರಿಯಲಿಲ್ಲ. ಇದ್ದ ಸಿಟ್ಟಿಗೆ ಮತ್ತೊಂದು ಸಿಟ್ಟು ಬಂದು ಕೂಡಿಕೊಂಡಿತು. ಸುಳ್ಳ! ಎದೆನೋವನ್ನೂ ಮುಚ್ಚಿಟ್ಟ, ಸಂಬಳವನ್ನೂ ಮುಚ್ಚಿಟ್ಟ. ಮುಚ್ಚಳದ ಮೇಸ್ತ್ರಿಯಂತೆ, ಮೇಸ್ತ್ರಿ! ಎದೆ ಕೆಟ್ಟಿದೆಯೆಂದು ಡಾಕ್ಟರು ಹೇಳಿದ ಮೇಲೂ ಸಿಗರೇಟು ಸೇದಿದನಲ್ಲ, ಇವನನ್ನು ಏನೆನ್ನಬೇಕು?

*

ಹೊಗೆಯ ವಾಸನೆಯನ್ನು ಅವಳು ಕಂಡುಹಿಡಿದದ್ದು ಬಾಯ್ಲರ್ ಸರಿಹೋದ ಕೆಲವೇ ದಿನಗಳಿಗೆ. ಅವನ ಉಣ್ಣೆಯ ಅಂಗಿ ತೊಳೆಯಲೆಂದು ತೆಗೆದುಕೊಂಡರೆ ತೋಳೆಲ್ಲ ಹೊಗೆ, ಜೇಬಿನಲ್ಲಿ ಬೆಂಕಿಪೊಟ್ಟಣ.

“ಮತ್ತೆ ಶುರು ಮಾಡಿದ್ರಾ?”

ಅವನು ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ನಿದ್ದೆ ಬರುವುದಿಲ್ಲವೆಂದು ಮಾಳಿಗೆ ಹತ್ತಿ ಹೋಗುವುದು ಆಗಲೇ ಅವನ ರೂಢಿಯಾಗಿತ್ತು. ಅವಳ ಕೈಯಲ್ಲಿದ್ದ ಬೆಂಕಿಪೊಟ್ಟಣವನ್ನು ನೋಡಿದ, ಅವಳ ಮಂಡಿಗಳನ್ನು ನೋಡಿದ, ಮತ್ತೆ ಬೆಂಕಿಪೊಟ್ಟಣವನ್ನು ನೋಡಿದ.

“ಹೂಂ,” ಎಂದ.

ಇಲ್ಲ ಎಂದಿದ್ದರೆ ಜಗಳವಾಡಬಹುದಿತ್ತು. ಒಪ್ಪಿಕೊಂಡವನ ಜೊತೆ ಏನು ಜಗಳ? ಅವನ ಅಪ್ಪ ಕೆಮ್ಮಿ ಕೆಮ್ಮಿ ಸತ್ತದ್ದನ್ನು ಇಬ್ಬರೂ ನೋಡಿದ್ದರು. ಆಗಲೇ ಅವನು ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟದ್ದು. ಅವಳಿಗೆ ಹೊಗೆಗಿಂತ ಹೆಚ್ಚು ಉರಿದದ್ದು ಆ ಮಾತು ಮುರಿದದ್ದಕ್ಕೆ. ಅವನ ಹಾಸಿಗೆಯನ್ನು ಮುಂದಿನ ಕೋಣೆಗೆ ಹಾಕಿದಳು. ಬೇಕಾದಷ್ಟೇ ಮಾತಾಡಿದಳು. “ಇವತ್ತೆಷ್ಟು ಸೇದಿದ್ರಿ?” ಎಂದರೆ “ಒಂದೇ” ಎನ್ನುತ್ತಿದ್ದ, ಶಾಲೆಯಲ್ಲಿ ಸಿಕ್ಕಿಬಿದ್ದವನ ಹಾಗೆ. ಅಷ್ಟಾದರೂ ಬೆಳಿಗ್ಗೆಯ ಪ್ರಶ್ನೆ ತಪ್ಪಲಿಲ್ಲ: “ಬಿಸಿ ಸಾಕಾಯ್ತಾ?” ಅವಳು “ನಿನ್ನೆಗಿಂತ ಕಮ್ಮಿ” ಎಂದಷ್ಟೇ ಹೇಳಿ ದಾಟಿ ಹೋಗುತ್ತಿದ್ದಳು.

ನಿನ್ನೆ ಸಂಜೆಯೂ ಅವನು ಮಾಳಿಗೆಯಿಂದ ಇಳಿದು ಬಂದ. ಅಡುಗೆಮನೆಯ ಬಾಗಿಲಿಗೆ ಒರಗಿ, “ಸ್ವಲ್ಪ ನೀರು ಕೊಡ್ತೀಯಾ?” ಎಂದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಆದರೆ ಅವಳು ಮುಖ ನೋಡಲಿಲ್ಲ. ಆ ಅಂಗಿಯ ವಾಸನೆ ಮೊದಲು ಮೂಗಿಗೆ ಬಡಿಯಿತು.

“ಹಿತ್ತಲಲ್ಲಿ ನಲ್ಲಿ ಇದೆ. ಬಾಯಿ ತೊಳೆದುಕೊಂಡು ಅಲ್ಲೇ ಕುಡೀರಿ,” ಎಂದಳು.

ಅವನು ಹೋದ. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ನಿಲ್ಲಿಸಿದ ಸದ್ದು ಎಷ್ಟು ಹೊತ್ತಾದರೂ ಕೇಳಿಸಲಿಲ್ಲ.

*

‘ಆಗಲ್ಲ’ ತನ್ನ ಸಾಮಾನಿನ ಚೀಲ ಹೊತ್ತು ಬಂದವನು ಅಂಗಳದ ಕುರ್ಚಿಗಳನ್ನೂ ತಗ್ಗಿದ ತಲೆಗಳನ್ನೂ ನೋಡಿ ಗೇಟಿನಲ್ಲೇ ನಿಂತುಬಿಟ್ಟ. ಮಗ ಫೋನಿನಲ್ಲಿ ಬಾಯ್ಲರ್ ಕೆಟ್ಟಿದೆ ಎಂದಷ್ಟೇ ಹೇಳಿದ್ದ.

“ಯಾರು…? ಅವರಾ? ಅಯ್ಯೋ ದೇವರೇ. ಮೊನ್ನೆ ತಾನೆ ರಸ್ತೇಲಿ ಸಿಕ್ಕಿದ್ರು.” ಒಳಗೆ ಬಂದು ಮಂಚದ ಮುಂದೆ ಚೀಲ ಕೆಳಗಿಟ್ಟು ನಿಂತ. ಆಮೇಲೆ ದನಿ ತಗ್ಗಿಸಿ, “ಯಾವ ಬಾಯ್ಲರ್ ಕೆಟ್ಟಿರೋದು?” ಎಂದ.

“ಇರೋದೇ ಒಂದು,” ಎಂದರು ಅತ್ತಿಗೆ. “ಮಾಳಿಗೆ ಮೇಲಿಂದು. ನಿನ್ನೆವರೆಗೆ ಚೆನ್ನಾಗಿತ್ತಂತೆ.”

“ಅದು ಆಗಲ್ಲ,” ಎಂದ ಅವನು.

“ನೋಡೋಕೆ ಮುಂಚೆನೇ ಆಗಲ್ಲ ಅಂದ್ರೆ ಹೇಗಯ್ಯಾ?”

“ನೋಡಿ ಆಗಿದೆ ಅಮ್ಮಾ, ಹೋದ ವರ್ಷವೇ. ಒಳಗೆ ಉರಿಯೋ ಭಾಗ ಪೂರ್ತಿ ಸತ್ತಿದೆ, ಹೊಸದೇ ಹಾಕಿಸಬೇಕು ಅಂತ ಆಗಲೇ ಹೇಳಿದ್ದೆ. ಯಜಮಾನ್ರು ಬಂದು ಮುಂಗಡ ಕೊಟ್ರು. ಮುಂದಿನ ವಾರವೇ ಬಂದು ಅದನ್ನ ವಾಪಸು ಇಸ್ಕೊಂಡು ಹೋದ್ರು. ಮನೆಖರ್ಚಿಗೆ ಬೇಕು, ಬೇರೆ ದಾರಿ ನೋಡ್ಕೊಂಡಿದೀನಿ ಅಂದ್ರು. ಆಮೇಲೆ ಬೇರೆ ಯಾರ ಹತ್ರನಾದ್ರೂ ಹಾಕಿಸಿರಬೇಕು ಅಂದ್ಕೊಂಡೆ.”

“ನಿನ್ನೆ ಬೆಳಿಗ್ಗೆ ಬಿಸಿನೀರು ಬಂದಿದೆ,” ಎಂದಳು ಅವಳು ಸ್ಟೂಲಿನಿಂದ. “ಒಂದು ವರ್ಷದಿಂದ ದಿನಾ ಬಂದಿದೆ.”

“ಬರೋಕೆ ಸಾಧ್ಯನೇ ಇಲ್ಲ ಅಮ್ಮಾ.”

“ಸ್ನಾನ ಮಾಡಿದವಳು ನಾನಾ, ನೀನಾ?”

ಮಗ ಮೊಳೆಗೆ ನೇತುಹಾಕಿದ್ದ ಅಪ್ಪನ ಪ್ಯಾಂಟಿನ ಜೇಬಿನಿಂದ ಬೀಗದ ಕೈ ತೆಗೆದುಕೊಂಡ. ಇಬ್ಬರೂ ಹಿತ್ತಲ ಮೆಟ್ಟಿಲು ಹತ್ತಿ ಹೋದರು. ತಗಡಿನ ಬಾಗಿಲು ಕಿರುಗುಟ್ಟಿದ್ದು ಕೆಳಗೆ ಕೇಳಿಸಿತು. ಮೆಕ್ಯಾನಿಕ್ ಮೊದಲು ಇಳಿದು ಬಂದ. ಚೀಲ ಬಿಚ್ಚಿಯೇ ಇರಲಿಲ್ಲ. ಅತ್ತಿಗೆ ಆಗ ತಮ್ಮನಿಗೆ ತೊಡಿಸುವ ಅಂಗಿ ಹುಡುಕಲು ಒಳಕೋಣೆಗೆ ಹೋಗಿದ್ದರು.

“ಅಮ್ಮಾ,” ಎಂದ, ಎಲ್ಲಿ ನೋಡಬೇಕೆಂದು ತಿಳಿಯದೆ. “ಮೇಲೆ ಯಾರೋ ಒಲೆ ಹೂಡಿದಾರೆ. ಸೌದೆ ಒಲೆ. ತೊಟ್ಟಿಯ ಮುಚ್ಚಳ ಬಿಚ್ಚಿ, ಮೇಲಿಂದ ಸುರಿದ ಹಾಗಿದೆ.”

“ಏನನ್ನ?”

“ಬಿಸಿನೀರನ್ನ,” ಎಂದು ಚೀಲ ಹೆಗಲಿಗೇರಿಸಿಕೊಂಡು ಹೊರಟುಹೋದ.

ಮಗ ಇನ್ನೂ ಕೆಳಗೆ ಬಂದಿರಲಿಲ್ಲ. ಅವಳು ಎದ್ದಳು. “ನೀನೆಲ್ಲಿಗೇ ಆ ಮಂಡಿ ಇಟ್ಕೊಂಡು?” ಎಂದು ಅತ್ತಿಗೆ ಒಳಗಿನಿಂದ ಬಂದು ಕೈ ಹಿಡಿದರೆ ಬಿಡಿಸಿಕೊಂಡಳು. ಮೊದಲ ಮೆಟ್ಟಿಲುಗಳನ್ನು ಗೋಡೆ ಹಿಡಿದು ಹತ್ತಿದಳು, ಆಮೇಲಿನವನ್ನು ಕೂತುಕೊಂಡು, ಕೈಯೂರಿ, ಮಗುವಿನ ಹಾಗೆ ಹಿಂದುಮುಂದಾಗಿ ಹತ್ತಿದಳು. ಹತ್ತುವಾಗ ಒಂದು ಲೆಕ್ಕ ಅವಳನ್ನು ಬಿಡದೆ ಕಾಡಿತು: ಇದೇ ಮೆಟ್ಟಿಲನ್ನು ಎದೆನೋವಿನ ಮನುಷ್ಯ, ಮರದ ಚೀಲ ಹೊತ್ತು, ದಿನವೂ ಹತ್ತಿದ್ದಾನೆ.

ತಗಡಿನ ಕೋಣೆಯ ಬಾಗಿಲಲ್ಲಿ ಮಗ ಗೋಡೆಗೆ ಮುಖ ಮಾಡಿ ನಿಂತು ಅಳುತ್ತಿದ್ದ. ಅವಳು ಅವನ ಬೆನ್ನು ಸವರಿ ಒಳಗೆ ಹೋದಳು.

ಕೋಣೆಯೆಲ್ಲ ಹೊಗೆಯ ವಾಸನೆ. ಸಿಗರೇಟಿನದಲ್ಲ, ಮರದ್ದು. ಅವನ ಅಂಗಿಯಲ್ಲಿದ್ದದ್ದೂ ಇದೇ ವಾಸನೆ. ಮೂಗಿಗೆ ಅದು ಮೊದಲ ದಿನವೇ ಗೊತ್ತಿತ್ತು, ಸಿಟ್ಟು ಹೇಳಗೊಟ್ಟಿರಲಿಲ್ಲ. ಒಂದು ಮೂಲೆಯಲ್ಲಿ ಸತ್ತ ಬಾಯ್ಲರ್, ಅದರ ಪಕ್ಕ ಒಂದು ಸ್ಟೂಲು, ಒಂದು ಬಕೆಟ್ಟು. ಗೋಡೆಯುದ್ದಕ್ಕೂ ಮೊಳೆ ಕಿತ್ತ ಪೆಟ್ಟಿಗೆಯ ಹಲಗೆಗಳನ್ನು ಒಂದೇ ಅಳತೆಗೆ ಮುರಿದು ಪೇರಿಸಿತ್ತು. ನಡುವೆ ಮೂರು ಇಟ್ಟಿಗೆ, ಅದರ ಮೇಲೆ ಗುಜರಿಗೆ ಹೋಯಿತೆಂದಿದ್ದ ಆ ದೊಡ್ಡ ಅಲ್ಯೂಮಿನಿಯಂ ಪಾತ್ರೆ, ತಳವೆಲ್ಲ ಮಸಿ. ಬಾಯಿಗೆ ಮರದ ಮುಚ್ಚಳ, ಕೂದಲೆಳೆಯ ಸಂದಿಯಿಲ್ಲದಂತೆ ಕೂತಿತ್ತು. ಎತ್ತಿ ನೋಡಿದಳು. ಪಾತ್ರೆಯ ತುಂಬ ನೀರು. ಪಾತ್ರೆಯ ಕೆಳಗೆ, ಇಟ್ಟಿಗೆಗಳ ನಡುವೆ, ಮೊದಲು ಮರದ ಹೊಟ್ಟು, ಮೇಲೆ ಸಣ್ಣ ಚಕ್ಕೆ, ಅದರ ಮೇಲೆ ಹಲಗೆಯ ತುಂಡುಗಳನ್ನು ಅಚ್ಚುಕಟ್ಟಾಗಿ ಜೋಡಿಸಿತ್ತು. ಕಡ್ಡಿ ಗೀರಿದರೆ ಸಾಕು, ಹೊತ್ತಿಕೊಳ್ಳುವ ಹಾಗೆ.

ನಿನ್ನೆ ಸಂಜೆ ಅವನು ಮೇಲೆ ಬಂದು ಮಾಡಿದ ಕೆಲಸ ಇದು. ಇವತ್ತು ಬೆಳಿಗ್ಗೆಯ ಅವಳ ಸ್ನಾನಕ್ಕೆ.

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು. ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಸಿಗರೇಟು ಕೊಂದಿದ್ದರೆ ಅವನ ಮೇಲೆ ಸಿಟ್ಟು ಮಾಡಿಕೊಂಡು ಇನ್ನಷ್ಟು ವರ್ಷ ಬದುಕಬಹುದಿತ್ತು. ಈಗ ಯಾರ ಮೇಲೆ ಸಿಟ್ಟು? ಡಾಕ್ಟರು ಎತ್ತಬೇಡ ಎಂದ ಭಾರವನ್ನು ಅವನು ಎತ್ತಿದ್ದು ಅವಳ ಮಂಡಿಗಾಗಿ; ಅವಳು ‘ನಿನ್ನೆಗಿಂತ ಕಮ್ಮಿ’ ಎಂದಾಗಲೆಲ್ಲ ಇನ್ನೊಂದು ಬಕೆಟ್ಟು ಹೆಚ್ಚಿಗೆ ಎತ್ತಿದ್ದ.

“ಹೇಳಬಾರದಿತ್ತೇನ್ರೀ?” ಎಂದಳು ಪಾತ್ರೆಗೆ. “ಮಂಡಿ ಹೋದ್ರೆ ಹೋಗ್ತಿತ್ತು. ಒಂದು ಮಾತು ಹೇಳಬಾರದಿತ್ತಾ?”

“ಅಮ್ಮಾ, ಬಾ ಕೆಳಗೆ,” ಎಂದ ಮಗ. “ನಾನು ಅಂಗಡಿಯಿಂದ ಏನಾದ್ರೂ…”

“ನೀನು ಹೋಗಿ ಅತ್ತೆಗೆ ಹೇಳು. ಬಚ್ಚಲ ನಲ್ಲಿಯಲ್ಲಿ ಹಳೇ ತಣ್ಣೀರು ಪೂರ್ತಿ ಹರಿದು ಹೋಗಲಿ. ಆಮೇಲೆ ನಿಲ್ಲಿಸಿ, ಬಕೆಟ್ ಇಟ್ಟು ಕಾಯೋಕೆ ಹೇಳು.”

“ನಾನು ಎತ್ತಿ ಸುರೀತೀನಿ ಬಿಡು. ನಿನ್ನ ಕೈಲಿ ಆಗಲ್ಲ.”

“ನಾನೇ ಮಾಡ್ತೀನಿ. ಹೋಗೋ.”

ಕಿಟಕಿಯ ಕಟ್ಟೆಯ ಮೇಲೆ ಬೆಂಕಿಪೊಟ್ಟಣವಿತ್ತು. ಮೊದಲ ಕಡ್ಡಿ ಮುರಿಯಿತು. ಎರಡನೆಯದಕ್ಕೆ ಹೊಟ್ಟು ಚಟಪಟ ಎಂದಿತು, ಚಕ್ಕೆಗಳು ಹಿಡಿದುಕೊಂಡವು. ಅವಳು ನೆಲಕ್ಕೆ ಬಗ್ಗಿ ಊದಿದಳು. ಹೊಗೆ ಮುಖಕ್ಕೆ ನುಗ್ಗಿತು, ಕಣ್ಣಿಗೆ, ಕೂದಲಿಗೆ, ಬಟ್ಟೆಯ ಮಡಿಕೆಗಳಿಗೆ. ನೀರು ಕುದಿ ಬರಲು ಬಹಳ ಹೊತ್ತು ಹಿಡಿಯಿತು. ದಿನವೂ ಇಷ್ಟು ಹೊತ್ತು ಅವನು ಈ ಸ್ಟೂಲಿನ ಮೇಲೆ ಒಬ್ಬನೇ ಕೂತು ಏನು ಯೋಚಿಸುತ್ತಿದ್ದನೋ. ಬಂದದ್ದು ಬರಲಿ ಎಂದು ಸುಮ್ಮನೆ ಬೆಂಕಿ ನೋಡುತ್ತಿದ್ದಿರಬೇಕು. ಅವಳೂ ಹಾಗೇ ಕೂತಳು.

ನೀರು ಕಾದ ಮೇಲೆ, ತುಂಬಿದ ಬಕೆಟ್ಟು ಅವಳ ಕೈಲಿ ಏಳದೆ, ಅರ್ಧರ್ಧ ತುಂಬಿಕೊಂಡು ಸ್ಟೂಲು ಹತ್ತಿ ಸತ್ತ ಬಾಯ್ಲರಿನ ತೊಟ್ಟಿಗೆ ಸುರಿದಳು. ಒಂದೊಂದು ಸಲ ಹತ್ತಿ ಇಳಿಯುವಾಗಲೂ ಮಂಡಿ ಕಿರುಚಿತು. ಮೂರನೆಯ ಸಲಕ್ಕೆ ಉಸಿರು ಸಿಗದೆ ಬಾಯ್ಲರಿಗೇ ಒರಗಿ ನಿಂತಳು. ತಗಡು ಬೆಚ್ಚಗಾಗತೊಡಗಿತ್ತು.

ಕೆಳಗಿನಿಂದ ಅತ್ತಿಗೆಯ ಕೂಗು ಕೇಳಿಸಿತು: “ಬಂತು! ಬಿಸಿನೀರು ಬಂತು ಕಣೋ! ನೋಡು, ಸರಿಹೋಯ್ತು ಬಾಯ್ಲರ್! ಆಗಲ್ಲ ಆಗಲ್ಲ ಅಂತಿದ್ದನಲ್ಲ ಆ ಮಹಾಶಯ!”

ಅಂಗಳದಲ್ಲಿ ಯಾರೋ ಸಮಾಧಾನದ ಉಸಿರು ಬಿಟ್ಟರು. ಪೆಟ್ಟಿಗೆ ಕಾರ್ಖಾನೆಯ ಒಬ್ಬ, “ಈಗಿನ ಮೆಕ್ಯಾನಿಕ್‌ಗಳ ಹಣೆಬರಹವೇ ಇಷ್ಟು,” ಎಂದ. ಮಗ ಬಗ್ಗಿ ಅವರ ಖಾಲಿ ಲೋಟಗಳನ್ನು ಎತ್ತಿಕೊಂಡ.

ಅವಳು ಕೂತುಕೊಂಡೇ ಮೆಟ್ಟಿಲು ಇಳಿದು ಬಂದಳು. ಅತ್ತಿಗೆ ಬಚ್ಚಲ ಬಾಗಿಲಲ್ಲಿ ತುಂಬಿದ ಬಕೆಟ್ಟಿನ ಪಕ್ಕ, ಒರೆಸುವ ಬಟ್ಟೆ ಹಿಡಿದು ನಿಂತಿದ್ದರು. ಅವಳ ಕೆಂಪು ಕಣ್ಣು, ಹಣೆಯ ಮಸಿ ನೋಡಿದರು. ಹತ್ತಿರ ಬಂದಾಗ ಮೂಗು ಹಿಂಡಿಕೊಂಡರು.

“ಏನೇ ಇದು? ಮೈಯೆಲ್ಲ ಹೊಗೆ ವಾಸನೆ!”

“ಹೂಂ,” ಎಂದಳು ಅವಳು.

ತೋಳು ಮೇಲಕ್ಕೆ ಮಡಚಿ, ಬಗ್ಗಿ, ಬಕೆಟ್ಟಿನೊಳಗೆ ಮೊಣಕೈವರೆಗೆ ಕೈ ಇಳಿಸಿ, ಬಿಸಿ ಸಾಕೇ ಎಂದು ನೋಡಿದಳು.